ಎರಡು ಬಸ್ಸುಗಳ ನಡುವಿನ ಹೊತ್ತು

ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಸ್ಟೇಟ್ ಬ್ಯಾಂಕಿನಿಂದ ಹೊರಟು ಸ್ಟೇಟ್ ಬ್ಯಾಂಕಿಗೇ ಬಂದು ನಿಲ್ಲುತ್ತವೆ. ನೆಹರೂ ಮೈದಾನದ ಮಗ್ಗುಲಿನ ಈ ನಿಲ್ದಾಣದ ಸುತ್ತಮುತ್ತಲೇ ಮೀನು ಮಾರುಕಟ್ಟೆ, ಲೇಡಿಗೋಷನ್ ಆಸ್ಪತ್ರೆ, ಮಿನಿ ವಿಧಾನಸೌಧ ಎಲ್ಲವೂ ಇವೆ. ಅಲ್ಲಿಂದ ಸ್ವಲ್ಪ ಏರು ಹತ್ತಿದರೆ ಹಂಪನಕಟ್ಟೆ. ಪೇಟೆ ಎಂದು ಊರವರು ಹೇಳುವುದು ಈ ಇಷ್ಟು ಜಾಗಕ್ಕೆ. ಉತ್ತರಕ್ಕೆ ಗುರುಪುರ ನದಿ, ದಕ್ಷಿಣಕ್ಕೆ ನೇತ್ರಾವತಿ, ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಕದ್ರಿಯ ಗುಡ್ಡ. ಸುರತ್ಕಲ್ ಕಡೆಯಿಂದ ಬರುವವರು ಕೂಳೂರು ಸೇತುವೆ ದಾಟಬೇಕು, ತೊಕ್ಕೊಟ್ಟು ಕಡೆಯವರು ನೇತ್ರಾವತಿ ಸೇತುವೆ ದಾಟಬೇಕು. ನೀರು ಮತ್ತು ಗುಡ್ಡಗಳು ಸೇರಿ ಹಾಕಿಕೊಟ್ಟ ಈ ನಕ್ಷೆಯಲ್ಲಿ ದಾರಿಗಳೆಲ್ಲ ಪೇಟೆಯಲ್ಲೇ ಬಂದು ಕೂಡುತ್ತವೆ.

ಬಸ್ಸುಗಳು ಬಹುತೇಕ ಖಾಸಗಿ. ಅದಕ್ಕೂ ಒಂದು ಹಿನ್ನೆಲೆಯಿದೆ. ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಬಸ್ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾದಾಗ ದಕ್ಷಿಣ ಕನ್ನಡ ಆ ರಾಜ್ಯದಲ್ಲೇ ಇರಲಿಲ್ಲ. 1956ರವರೆಗೆ ಅದು ಮದ್ರಾಸಿನ ಭಾಗ. ಹಳೆಯ ಮೈಸೂರಿನಲ್ಲಿ ಸರ್ಕಾರಿ ಕೆಂಪು ಬಸ್ಸು ಬೇರು ಬಿಟ್ಟ ಕಾಲದಲ್ಲಿ ಕರಾವಳಿಯಲ್ಲಿ ಖಾಸಗಿ ಮಾಲೀಕರು ಬೇರು ಬಿಟ್ಟರು. ಈಗಲೂ ಒಂದೇ ದಾರಿಯಲ್ಲಿ ಹತ್ತಾರು ಮಾಲೀಕರ ಬಸ್ಸುಗಳು ಓಡುತ್ತವೆ. ಒಬ್ಬೊಬ್ಬರ ಬಳಿ ಒಂದೋ ಎರಡೋ ನಾಲ್ಕೋ ಪರ್ಮಿಟ್.

ಹೊರಗಿನಿಂದ ಬಂದವರು ಮೊದಲು ಬೆರಗಾಗುವುದು ಬಸ್ಸುಗಳ ಸಂಖ್ಯೆಗೆ. ಒಂದು ಹೋಯಿತೆನ್ನುವಾಗ ಇನ್ನೊಂದು ಬಂದಿರುತ್ತದೆ. ಆದರೂ ಕಾದು ಸಾಕಾಯಿತೆಂದು ದೂರುವವರಿಗೆ ಕೊರತೆಯಿಲ್ಲ. ಎರಡೂ ನಿಜ. ಬಸ್ಸು ಎಷ್ಟಿದೆ ಎಂಬ ಲೆಕ್ಕಕ್ಕೂ ಎಷ್ಟು ಕಾಯಬೇಕು ಎಂಬ ಲೆಕ್ಕಕ್ಕೂ ನಾವು ಅಂದುಕೊಂಡಷ್ಟು ನೇರ ಸಂಬಂಧವಿಲ್ಲ.

ಒಂದು ದಾರಿಯಲ್ಲಿ ಗಂಟೆಗೆ ಆರು ಬಸ್ಸು ಇವೆ ಎನ್ನಿ. ಸರಿಯಾಗಿ ಹತ್ತು ನಿಮಿಷಕ್ಕೊಂದರಂತೆ ಬಂದರೆ, ವೇಳಾಪಟ್ಟಿ ನೋಡದೆ ಸ್ಟಾಪಿಗೆ ಬಂದು ನಿಂತವರು ಸರಾಸರಿ ಐದು ನಿಮಿಷ ಕಾಯುತ್ತಾರೆ. ಈಗ ಅವೇ ಆರು ಬಸ್ಸುಗಳು ಜೋಡಿಜೋಡಿಯಾಗಿ ಬರಲಿ: ಒಂದು ಬಂದ ಎರಡು ನಿಮಿಷಕ್ಕೆ ಇನ್ನೊಂದು, ಆಮೇಲೆ ಹದಿನೆಂಟು ನಿಮಿಷ ಖಾಲಿ. ಗಂಟೆಗೆ ಆರೇ ಬಸ್ಸು, ಸರಾಸರಿ ಅಂತರವೂ ಹತ್ತೇ ನಿಮಿಷ. ಆದರೆ ಸ್ಟಾಪಿಗೆ ಬರುವ ಇಪ್ಪತ್ತು ಜನರಲ್ಲಿ ಹದಿನೆಂಟು ಮಂದಿ ಆ ಹದಿನೆಂಟು ನಿಮಿಷದ ಖಾಲಿಯೊಳಗೇ ಬಂದು ಬೀಳುತ್ತಾರೆ. ಅವರು ಸರಾಸರಿ ಒಂಬತ್ತು ನಿಮಿಷ ಕಾಯುತ್ತಾರೆ, ಉಳಿದ ಇಬ್ಬರು ಒಂದು ನಿಮಿಷ. ಎಲ್ಲರದನ್ನೂ ಕೂಡಿಸಿ ಭಾಗಿಸಿದರೆ 8.2 ನಿಮಿಷ. ಒಂದು ಬಸ್ಸೂ ಕಡಿಮೆಯಾಗದೆ, ಒಂದು ಲೀಟರ್ ಡೀಸೆಲ್ಲೂ ಉಳಿಯದೆ, ಕಾಯುವ ಹೊತ್ತು ಶೇ 64ರಷ್ಟು ಏರಿತು.

ಮಾಲೀಕನ ಪುಸ್ತಕದಲ್ಲಿ ಇದು ಎಲ್ಲೂ ದಾಖಲಾಗುವುದಿಲ್ಲ. ಆರ್‌ಟಿಒ ಕಡತದಲ್ಲೂ ಅಷ್ಟೆ. ಎರಡರಲ್ಲೂ ಗಂಟೆಗೆ ಆರು ಟ್ರಿಪ್ ಎಂದೇ ಇರುತ್ತದೆ. ಪ್ರಯಾಣಿಕ ಮಾತ್ರ ಟ್ರಿಪ್‌ಗಳನ್ನು ಎಣಿಸುವುದಿಲ್ಲ. ಅವನ ಪಾಲಿಗೆ ಬರುವುದು ಟ್ರಿಪ್‌ಗಳ ನಡುವಿನ ಖಾಲಿ, ಅದರಲ್ಲೂ ಹೆಚ್ಚಾಗಿ ದೊಡ್ಡ ಖಾಲಿಗಳೇ. ಸಣ್ಣ ನಗರವೊಂದರ ಬಸ್ ವ್ಯವಸ್ಥೆ ಸುಧಾರಿಸಬೇಕೆಂದಾಗ ಎಲ್ಲರೂ ಮೊದಲು ಕೇಳುವುದು ಹೊಸ ಬಸ್ಸುಗಳನ್ನು. ನನ್ನ ಪ್ರಕಾರ ಮೊದಲು ಕೈ ಹಾಕಬೇಕಾದದ್ದು ಈ ಅಂತರಕ್ಕೆ.

ಬಸ್ಸುಗಳು ಜೊತೆಯಾಗುವುದೇಕೆ?

ಯಾರೂ ತಪ್ಪು ಮಾಡದಿದ್ದರೂ ಬಸ್ಸುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇದನ್ನು ಮೊದಲು ಗಣಿತದಲ್ಲಿ ತೋರಿಸಿದವರು ಗಾರ್ಡನ್ ನ್ಯೂವೆಲ್ ಮತ್ತು ರೆನ್‌ಫ್ರಿ ಪಾಟ್ಸ್, 1964ರಲ್ಲಿ. ಅವರ ವಾದವನ್ನು ನಮ್ಮ ಅಂಕಿಗಳಲ್ಲಿ ಮಾಡಿ ನೋಡೋಣ. ಪ್ರತಿ ಸ್ಟಾಪಿಗೂ ನಿಮಿಷಕ್ಕೆ ಒಬ್ಬರು ಬಂದು ಸೇರುತ್ತಾರೆ, ಒಬ್ಬರು ಹತ್ತಲು ಮೂರು ಸೆಕೆಂಡು ಬೇಕು. ಬಸ್ಸುಗಳ ನಡುವೆ ಹತ್ತು ನಿಮಿಷವಿದ್ದರೆ ಪ್ರತಿ ಸ್ಟಾಪಿನಲ್ಲೂ ಹತ್ತು ಜನ, ಮೂವತ್ತು ಸೆಕೆಂಡು. ಹಂಪನಕಟ್ಟೆಯಲ್ಲಿ ಸಿಗ್ನಲ್ ಸಿಕ್ಕಿ ಒಂದು ಬಸ್ಸು ಎರಡು ನಿಮಿಷ ತಡವಾಯಿತು. ಮುಂದಿನ ಸ್ಟಾಪಿನಲ್ಲಿ ಅದಕ್ಕಾಗಿ ಕಾಯುತ್ತಿರುವವರು ಹತ್ತಲ್ಲ, ಹನ್ನೆರಡು ಮಂದಿ. ಮೂವತ್ತಾರು ಸೆಕೆಂಡು ನಿಲ್ಲಬೇಕು. ಇನ್ನೂ ಆರು ಸೆಕೆಂಡು ತಡ. ಹಿಂದಿನ ಬಸ್ಸಿಗೆ ಮುಂದಿನದು ಹತ್ತಿರವಾಗಿರುವುದರಿಂದ ಅದಕ್ಕೆ ಸಿಗುವವರು ಎಂಟೇ ಜನ, ನಿಲ್ಲುವುದು ಇಪ್ಪತ್ನಾಲ್ಕೇ ಸೆಕೆಂಡು. ಅದು ಇನ್ನೂ ಹತ್ತಿರ ಬರುತ್ತದೆ.

ಪ್ರತಿ ಸ್ಟಾಪಿನಲ್ಲೂ ತಡ ಶೇ 5ರಷ್ಟು ಬೆಳೆಯುವ ಚಕ್ರಬಡ್ಡಿ ಇದು. ಹದಿನಾಲ್ಕು ಸ್ಟಾಪು ದಾಟುವಷ್ಟರಲ್ಲಿ ಎರಡು ನಿಮಿಷದ ತಡ ನಾಲ್ಕು ನಿಮಿಷವಾಗಿರುತ್ತದೆ. ಮುಂದಿನ ಬಸ್ಸಿನಲ್ಲಿ ಉಸಿರಾಡಲು ಜಾಗವಿಲ್ಲ, ಫುಟ್‌ಬೋರ್ಡಿನಲ್ಲಿ ನಾಲ್ಕು ಜನ, ಕಂಡಕ್ಟರ್ «ದುಂಬು ಪೋಲೆ, ದುಂಬು ಪೋಲೆ» ಎಂದು ಕೂಗುತ್ತ ನಿಂತವರನ್ನು ಮುಂದಕ್ಕೆ ತಳ್ಳುತ್ತಿರುತ್ತಾನೆ; ಅದರ ಬೆನ್ನಿಗೇ ಬರುವ ಬಸ್ಸಿನಲ್ಲಿ ಕಿಟಕಿ ಸೀಟು ಖಾಲಿ. ರಶ್ ಹೆಚ್ಚಿದಷ್ಟೂ ಬಡ್ಡಿಯ ದರ ಹೆಚ್ಚು. ಹತ್ತುವುದು ನಿಧಾನವಾದಷ್ಟೂ ಹೆಚ್ಚು. ಎತ್ತರದ ಮೆಟ್ಟಿಲು, ಮಳೆಗಾಲದಲ್ಲಿ ಕೊಡೆ ಮಡಚುವ ತಾಪತ್ರಯ, ಇಳಿಯುವವರೂ ಹತ್ತುವವರೂ ಒಂದೇ ಬಾಗಿಲಲ್ಲಿ ಎದುರಾಗುವುದು, ಎಲ್ಲವೂ ಈ ದರವನ್ನು ಏರಿಸುವ ಸಂಗತಿಗಳೇ. ಕೇಂದ್ರ ಸರ್ಕಾರದ ನಗರ ಬಸ್ ಮಾನದಂಡದಲ್ಲಿ ನೆಲದಿಂದ 400, 650, 900 ಮಿಲಿಮೀಟರ್ ಎತ್ತರದ ಹಲಗೆಗಳಿರುವ ಬಸ್ಸುಗಳೆಂಬ ವಿಂಗಡಣೆ ಇದೆ. ಅದನ್ನು ವೃದ್ಧರ ಅನುಕೂಲದ ವಿಷಯವೆಂದು ಮಾತ್ರ ನಾವು ನೋಡುತ್ತೇವೆ. ಅನುಕೂಲ ಹೌದು. ಜೊತೆಗೆ, ಅಜ್ಜಿಯೊಬ್ಬರು ಹತ್ತಲು ಹಿಡಿಯುವ ಹತ್ತು ಸೆಕೆಂಡು ಮೂರೇ ಆದರೆ ಆ ಏಳು ಸೆಕೆಂಡಿನ ಫಲ ಮುಂದಿನ ಹತ್ತು ಸ್ಟಾಪಿನಲ್ಲಿ ಕಾಯುತ್ತಿರುವವರಿಗೂ ಸಲ್ಲುತ್ತದೆ.

ಓಟ

ಮಂಗಳೂರಿನ ಬಸ್ಸು ಹತ್ತಿದವರಿಗೆ ಎರಡು ಅನುಭವಗಳು ಖಾತ್ರಿ. ಒಂದು ಸ್ಟಾಪಿನಲ್ಲಿ ಹತ್ತುವವರೆಲ್ಲ ಹತ್ತಿ ಮುಗಿದರೂ ಬಸ್ಸು ಕದಲುವುದಿಲ್ಲ. ಡ್ರೈವರ್ ಎಕ್ಸಿಲರೇಟರ್ ಒತ್ತಿ ಗುರುಗುಟ್ಟಿಸುತ್ತ, ಒಂದಿಂಚು ಮುಂದೆ ಬಿಟ್ಟು ಮತ್ತೆ ಹಿಡಿಯುತ್ತ, ತೂಗಾಡಿಸುತ್ತಿರುತ್ತಾನೆ. ಹಿಂದಿನ ಬಸ್ಸು ಕನ್ನಡಿಯಲ್ಲಿ ಕಾಣಿಸಿದ್ದೇ ತಡ, ಅದೇ ಡ್ರೈವರ್ ಯಮವೇಗದಲ್ಲಿ ಹಾರಿಸುತ್ತಾನೆ. ಒಮ್ಮೆ ಸೋಮಾರಿ, ಒಮ್ಮೆ ಹುಚ್ಚ. ಜನ ಇದನ್ನು ಡ್ರೈವರನ ಸ್ವಭಾವ ಎನ್ನುತ್ತಾರೆ. ಸ್ವಭಾವಕ್ಕಿಂತ ಇದರಲ್ಲಿ ಲೆಕ್ಕವೇ ಹೆಚ್ಚು. ಸಂಬಳದ ಒಂದು ಪಾಲು ದಿನದ ಕಲೆಕ್ಷನ್ ಮೇಲೆ ನಿಂತಿರುವಲ್ಲಿ, ಮುಂದಿನ ಬಸ್ಸಿನ ಬೆನ್ನಿಗೇ ಹೋಗುವವನಿಗೆ ಸ್ಟಾಪಿನಲ್ಲಿ ಯಾರೂ ಉಳಿದಿರುವುದಿಲ್ಲ. ಹಾಗಾಗಿ ತಡೆದು ನಿಂತು ಮುಂದೆ ಜನ ಸೇರಲು ಬಿಡಬೇಕು. ಹಿಂದಿನವನು ಬಂದು ದಾಟಿಬಿಟ್ಟರೆ ಮುಂದೆ ಸೇರಿರುವ ಜನ ಅವನ ಪಾಲು. ಹಾಗಾಗಿ ಓಡಬೇಕು. ನಿಲ್ಲುವುದೂ ಓಡುವುದೂ ಒಂದೇ ಅಂತರದ ಎರಡು ತುದಿಗಳನ್ನು ಕಾಯುವ ಕೆಲಸ.

ಇದರಿಂದ ಬಸ್ಸುಗಳು ಇನ್ನಷ್ಟು ಅಂಟಿಕೊಳ್ಳುತ್ತವೆ ಎಂದು ನಿಮಗನ್ನಿಸಬಹುದು. ಚಿಲಿ ದೇಶದ ಸಾಂಟಿಯಾಗೊದಲ್ಲಿ ಇದನ್ನು ನಿಜವಾಗಿ ಅಳೆದು ನೋಡಿದ್ದಾರೆ. ಅಲ್ಲಿ ಹಿಂದೆ ಎರಡು ಬಗೆಯ ಬಸ್ಸುಗಳು ಜೊತೆಜೊತೆಗೇ ಓಡುತ್ತಿದ್ದವು: ತಲೆಗಿಷ್ಟು ಎಂದು ಡ್ರೈವರನಿಗೆ ಕೊಡುವವು, ತಿಂಗಳ ಸಂಬಳ ಕೊಡುವವು. ಮೊದಲನೆಯವರ ಪೈಪೋಟಿಗೆ ಊರವರು ಟಿಕೆಟ್ ಯುದ್ಧ ಎನ್ನುತ್ತಿದ್ದರು. ರಯಾನ್ ಜಾನ್ಸನ್, ಡೇವಿಡ್ ರೈಲಿ, ಹುವಾನ್ ಕಾರ್ಲೋಸ್ ಮುನ್ಯೋಸ್ ಎಂಬ ಸಂಶೋಧಕರು ಎರಡೂ ಬಗೆಯ ಬಸ್ಸುಗಳು ಸ್ಟಾಪಿಗೆ ಬರುವ ಅಂತರಗಳನ್ನು ಹೋಲಿಸಿದರು. ಸಂಬಳದ ಬಸ್ಸುಗಳೇ ಹೆಚ್ಚು ಅಂಟಿಕೊಂಡಿದ್ದವು. ಅವುಗಳಿಗೆ ಕಾಯುವವರು ಸರಿಸುಮಾರು ಶೇ 10ರಷ್ಟು ಹೆಚ್ಚು ಹೊತ್ತು ಕಾಯುತ್ತಿದ್ದರು. ಮುಂದಿನ ಬಸ್ಸು ಎಷ್ಟು ದೂರ, ಹಿಂದಿನದು ಎಷ್ಟು ದೂರ ಎಂಬ ಚಿಂತೆ ಸಂಬಳದವನಿಗೆ ಇಲ್ಲ. ಅಂಟಿಕೊಂಡರೆ ಅವನಿಗೇನು ನಷ್ಟ? ಸರ್ಕಾರಿ ಬಸ್ಸೆಂದರೆ ಶಿಸ್ತು, ಖಾಸಗಿಯೆಂದರೆ ಅರಾಜಕತೆ ಎಂಬ ನಮ್ಮ ಸರಳ ವಿಂಗಡಣೆಗೆ ಇದು ಕಸಿವಿಸಿ ತರುವ ಫಲಿತಾಂಶ.

ತಲೆಲೆಕ್ಕದ ಡ್ರೈವರುಗಳಿಗೆ ಸಹಾಯಕರೂ ಇದ್ದರು. ಸ್ಟಾಪಿನಲ್ಲಿ ಪುಸ್ತಕ ಹಿಡಿದು ನಿಂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಹೋಯಿತೆಂದು ಬರೆದಿಟ್ಟುಕೊಂಡು, ಹಿಂದೆ ಬರುವವನಿಗೆ ಆ ಮಾಹಿತಿಯನ್ನು ಚಿಲ್ಲರೆ ಕಾಸಿಗೆ ಮಾರುವ ಜನ. ಸ್ಪಾನಿಷ್ ಭಾಷೆಯಲ್ಲಿ ಅವರಿಗೆ ಸಾಪೊ ಎಂದು ಹೆಸರು. ನಮ್ಮ ಕರಾವಳಿಯ ನಿಲ್ದಾಣಗಳಲ್ಲಿ ಸೀಟಿ ಊದಿ ಬಸ್ಸು ಬಿಡಿಸುವ ಟೈಮ್ ಕೀಪರ್‌ಗಳನ್ನು ನೋಡಿದವರಿಗೆ ಈ ಸಾಪೊಗಳ ಪರಿಚಯ ಬೇಕಿಲ್ಲ. ಉಪಗ್ರಹವಿಲ್ಲದೆ, ಮೊಬೈಲ್ ಇಲ್ಲದೆ, ಅಂತರವನ್ನು ಅಳೆದು ತಿಳಿಸುವ ವ್ಯವಸ್ಥೆಯೊಂದನ್ನು ಬೀದಿಯೇ ಹುಟ್ಟಿಸಿಕೊಂಡಿತ್ತು.

ಅಧ್ಯಯನದ ಇನ್ನರ್ಧವನ್ನು ಹೇಳದಿದ್ದರೆ ಮೋಸವಾದೀತು. ತಲೆಲೆಕ್ಕದ ಬಸ್ಸುಗಳಲ್ಲಿ ಕಿಲೋಮೀಟರಿಗೆ ಆಗುತ್ತಿದ್ದ ಅಪಘಾತಗಳು ಸುಮಾರು ಶೇ 67ರಷ್ಟು ಹೆಚ್ಚು. ಸ್ಟಾಪಿನಲ್ಲಿ ನಿಂತವನು ಒಂದರ್ಧ ನಿಮಿಷ ಉಳಿಸಿದ್ದಕ್ಕೆ ಬಸ್ಸಿನೊಳಗೆ ಜೋತಾಡುವವನೂ ಪಕ್ಕದಲ್ಲಿ ಸ್ಕೂಟರಿನಲ್ಲಿ ಹೋಗುವವನೂ ಬೆಲೆ ತೆತ್ತರು. ಸಾಂಟಿಯಾಗೊ ಆಡಳಿತ ಈ ಯುದ್ಧ ನಿಲ್ಲಿಸಲು 2007ರ ಫೆಬ್ರವರಿ 10ರಂದು ಇಡೀ ನಗರದ ಬಸ್ ವ್ಯವಸ್ಥೆಯನ್ನು ಒಂದೇ ದಿನ ಬದಲಿಸಿತು. ಹಳೆಯ ದಾರಿಗಳು ಮಾಯ, ಹೊಸ ಕಂಪನಿಗಳು, ಹೊಸ ಕಾರ್ಡು. ಬಸ್ಸುಗಳು ಸಾಲಲಿಲ್ಲ, ಜನ ಮೆಟ್ರೊಗೆ ನುಗ್ಗಿದರು, ಅಧ್ಯಕ್ಷೆ ಮಿಚೆಲ್ ಬಾಚೆಲೆಟ್ ದೇಶದ ಕ್ಷಮೆ ಕೇಳಬೇಕಾಯಿತು. ಪೈಪೋಟಿಯನ್ನು ಕಿತ್ತುಹಾಕಿದರಷ್ಟೇ ಸಾಲದು. ಅಂತರ ಕಾಯಲು ಅದು ಕೊಡುತ್ತಿದ್ದ ಕಾರಣದ ಜಾಗದಲ್ಲಿ ಬೇರೊಂದು ಕಾರಣವನ್ನು ಇಡಬೇಕು.

ಪೇಟೆಯ ಸೆಕೆಂಡುಗಳು

ಊರ ಹೊರಗೆ ಬಸ್ಸು ನಿಮಿಷಗಳನ್ನು ಕಳೆದುಕೊಳ್ಳುವುದಿಲ್ಲ. ಸುರತ್ಕಲ್‌ನಿಂದ ಕೂಳೂರಿನವರೆಗೆ ಹೆದ್ದಾರಿ. ಕಳೆದುಕೊಳ್ಳುವುದು ಲಾಲ್‌ಬಾಗ್ ದಾಟಿದ ಮೇಲೆ, ಪಿವಿಎಸ್, ಜ್ಯೋತಿ, ಹಂಪನಕಟ್ಟೆಗಳ ನಡುವೆ. ಬಸ್ಸೊಂದು ಹೋಗಿ ಬರಲು ಒಟ್ಟು ತೊಂಬತ್ತು ನಿಮಿಷ ತೆಗೆದುಕೊಂಡರೆ ಹತ್ತು ನಿಮಿಷದ ಅಂತರ ಇಡಲು ಒಂಬತ್ತು ಬಸ್ಸು ಬೇಕು. ಪೇಟೆಯೊಳಗೆ ಹೋಗುವಾಗ ಐದು, ಬರುವಾಗ ಐದು ನಿಮಿಷ ಉಳಿಸಿದರೆ ಎಂಟೇ ಬಸ್ಸಿನಲ್ಲಿ ಅದೇ ಅಂತರ ಸಾಧ್ಯ. ಒಂಬತ್ತನೆಯ ಬಸ್ಸು, ಅದರ ಡ್ರೈವರು, ಕಂಡಕ್ಟರು, ಡೀಸೆಲು ಎಲ್ಲವೂ ಉಳಿತಾಯ. ಅಥವಾ ಅದನ್ನೂ ಓಡಿಸಿ ಅಂತರವನ್ನು ಒಂಬತ್ತು ನಿಮಿಷದೊಳಕ್ಕೆ ತರಬಹುದು. ರಸ್ತೆಯಲ್ಲಿ ಗಳಿಸಿದ ನಿಮಿಷವೆಂದರೆ ಶೋರೂಮಿನಿಂದ ತಂದ ಬಸ್ಸೇ. ಆದರೆ ಯಾವ ಉದ್ಘಾಟನಾ ಸಮಾರಂಭದಲ್ಲೂ ಅದಕ್ಕೆ ಹಾರ ಹಾಕಲು ಬರುವುದಿಲ್ಲ. ಅದರ ಬಗ್ಗೆ ಯಾರೂ ಉತ್ಸಾಹ ತೋರದಿರುವುದಕ್ಕೆ ಇದೂ ಒಂದು ಕಾರಣವಿರಬೇಕು.

ಆ ನಿಮಿಷಗಳು ಎಲ್ಲಿ ಸಿಗುತ್ತವೆ? ಸ್ಟಾಪುಗಳ ಜಾಗದಲ್ಲಿ ಬಹಳಷ್ಟು. ಸಿಗ್ನಲ್ಲಿಗೆ ಮೊದಲು ಸ್ಟಾಪ್ ಇದ್ದರೆ ಹಸಿರು ದೀಪ ಉರಿಯುವಾಗ ಬಸ್ಸು ಜನ ಹತ್ತಿಸುತ್ತಿರುತ್ತದೆ, ಹತ್ತಿಸಿ ಮುಗಿಯುವಾಗ ಕೆಂಪು. ಅದರ ಹಿಂದಿನ ಪಥವೂ ಬಂದ್. ಹಸಿರಿರುವಾಗ ಒಂದು ಪಥದಲ್ಲಿ ಎರಡು ಸೆಕೆಂಡಿಗೊಂದು ಕಾರು ದಾಟಬಲ್ಲದು ಎಂಬುದು ಸಂಚಾರ ಎಂಜಿನಿಯರುಗಳ ಸಾಮಾನ್ಯ ಲೆಕ್ಕ. ಇಪ್ಪತ್ತು ಸೆಕೆಂಡು ಅಡ್ಡ ನಿಂತ ಬಸ್ಸು ಹತ್ತು ಕಾರುಗಳನ್ನು ಮುಂದಿನ ಹಸಿರಿಗೆ ದೂಡಿತು, ಆ ಹತ್ತು ಕಾರುಗಳ ಹಿಂದೆ ಇನ್ನೊಂದು ಬಸ್ಸು ಸಿಕ್ಕಿಬಿದ್ದಿತು. ಸ್ಟಾಪನ್ನು ಸಿಗ್ನಲ್ ದಾಟಿದ ನಂತರದ ಐವತ್ತು-ಅರವತ್ತು ಮೀಟರಿಗೆ ಸರಿಸಿದರೆ ಇದರಲ್ಲಿ ಬಹುಭಾಗ ಕರಗುತ್ತದೆ. ಖರ್ಚು ಒಂದು ತಗಡಿನ ಮಾಡು, ಸ್ವಲ್ಪ ಬಣ್ಣ. ಜೊತೆಗೆ ಅಲ್ಲಿ ರಿಕ್ಷಾ ನಿಲ್ಲದಂತೆ ನೋಡಿಕೊಳ್ಳುವ ಒಬ್ಬ ಪೊಲೀಸ್. ಕೊನೆಯದೇ ದುಬಾರಿ.

ಇನ್ನೊಂದು, ಸ್ಟಾಪುಗಳ ಸಂಖ್ಯೆ. ಗಂಟೆಗೆ 30 ಕಿಲೋಮೀಟರಿನಲ್ಲಿ ಹೋಗುವ ಬಸ್ಸು ನಿಧಾನಿಸಿ, ನಿಂತು, ಮತ್ತೆ ಅದೇ ವೇಗಕ್ಕೆ ಬರಲು ಹತ್ತುವ-ಇಳಿಯುವವರ ಹೊತ್ತು ಬಿಟ್ಟೇ ಹದಿನೈದು ಸೆಕೆಂಡಾದರೂ ಹೋಗುತ್ತದೆ. ಕೈ ತೋರಿಸಿದಲ್ಲೆಲ್ಲ ನಿಲ್ಲಿಸುವುದು ನಮ್ಮಲ್ಲಿ ಸೌಜನ್ಯ. ಇನ್ನೂರು ಮೀಟರಿನೊಳಗೆ ಮೂರು ಕಡೆ ನಿಲ್ಲುವ ಬಸ್ಸು ಮೂವರಿಗೆ ಉಪಕಾರ ಮಾಡಿ ಒಳಗಿರುವ ನಲವತ್ತು ಮಂದಿಯ ಮುಕ್ಕಾಲು ನಿಮಿಷ ತಿನ್ನುತ್ತದೆ. ಜಗತ್ತಿನ ಬಹಳಷ್ಟು ನಗರಗಳು ನಾಲ್ಕುನೂರು ಮೀಟರ್ ನಡಿಗೆಯನ್ನು ಸಹಜವೆಂದು ಹಿಡಿದು ಸ್ಟಾಪುಗಳನ್ನು ಹೊಂದಿಸುತ್ತವೆ. ಮಂಗಳೂರಿಗೆ ಅದನ್ನು ಹಾಗೇ ತಂದು ಹಾಕಿದರೆ ತಪ್ಪು. ಇಲ್ಲಿಯ ನಾಲ್ಕುನೂರು ಮೀಟರಿನಲ್ಲಿ ಒಂದು ಗುಡ್ಡ ಇರಬಹುದು, ಜುಲೈ ತಿಂಗಳಿನಲ್ಲಿ ಒಂದು ಹೊಳೆಯೂ ಇರಬಹುದು. ಸ್ಟಾಪು ಕಡಿಮೆ ಮಾಡುವ ಮೊದಲು ಫುಟ್‌ಪಾತ್ ಬೇಕು, ಚರಂಡಿಗೆ ಮುಚ್ಚಳ ಬೇಕು. ಫುಟ್‌ಪಾತನ್ನು ಬಸ್ ವ್ಯವಸ್ಥೆಯ ಭಾಗವೆಂದು ಲೆಕ್ಕ ಹಾಕುವ ಬಜೆಟ್ಟನ್ನು ನಾನು ನಮ್ಮ ಯಾವ ಊರಿನಲ್ಲೂ ಕಂಡಿಲ್ಲ.

ಬಸ್ಸಿಗೇ ಪ್ರತ್ಯೇಕ ಪಥ ಕೊಡುವುದು ದೊಡ್ಡ ಮದ್ದು. ಹುಬ್ಬಳ್ಳಿ-ಧಾರವಾಡದ ನಡುವೆ ಸುಮಾರು 22 ಕಿಲೋಮೀಟರ್ ಉದ್ದಕ್ಕೆ ರಸ್ತೆಯ ನಡುವೆ ಪಥ ಹಾಕಿ ಚಿಗರಿ ಬಸ್ಸು ಓಡಿಸಿದರು. ಎರಡು ಪೇಟೆಗಳ ನಡುವಿನ ಅಗಲ ರಸ್ತೆಗೆ ಅದು ಆಗಬಹುದಾದ ಮಾತು. ಹಳೆಯ ಬಂದರು ಪೇಟೆಯೊಂದರ ಬೀದಿಗಳಿಗೆ ಆಗದು. ಅಲ್ಲಿ ಬೇಕಾದದ್ದು ಸಿಗ್ನಲ್ಲಿನ ಮುಂದೆ ನೂರು ಮೀಟರಿನ ತುಂಡು ಪಥ, ಸಾಲನ್ನು ಬದಿಗಿಟ್ಟು ಬಸ್ಸು ಮುಂದೆ ಬಂದು ನಿಲ್ಲುವಷ್ಟು. ಇಡೀ ದಾರಿಯಲ್ಲಿ ಅಂಥ ನಾಲ್ಕು ತುಂಡು ಸಿಕ್ಕರೂ ಸಾಕು.

ನಿಲ್ದಾಣವೆಂಬ ಪಾರ್ಕಿಂಗ್ ಜಾಗ

ಸ್ಟೇಟ್ ಬ್ಯಾಂಕಿಗಿಂತ ಮೊದಲು ಸಿಟಿ ಬಸ್ ನಿಲ್ದಾಣ ಹಂಪನಕಟ್ಟೆಯಲ್ಲೇ ಇತ್ತು. ಜಾಗ ಸಾಲದೆ ಅದು ಕೆಳಗೆ ಸರಿಯಿತು. ಹಳೆಯ ಬಸ್ ನಿಲ್ದಾಣದ ಆ ಜಾಗಕ್ಕೆ ಆಮೇಲೆ ಬಂದ ಯೋಜನೆ ಕಾರುಗಳಿಗೆ ಬಹುಮಹಡಿ ಪಾರ್ಕಿಂಗ್. ಪೇಟೆಯ ನಡುವಿನ ಭೂಮಿಯ ಮೇಲೆ ಯಾರಿಗೆ ಎಷ್ಟು ಹಕ್ಕು ಎಂಬ ಪ್ರಶ್ನೆಗೆ ನಮ್ಮ ನಗರಗಳು ಹೇಗೆ ಉತ್ತರಿಸುತ್ತವೆ ಎಂದು ಯಾರಾದರೂ ಕೇಳಿದರೆ ನಾನು ಈ ಒಂದು ನಿವೇಶನವನ್ನು ತೋರಿಸುತ್ತೇನೆ.

ಆದರೆ ನಿಲ್ದಾಣಕ್ಕೆ ಜಾಗ ಸಾಲದಾಗುವುದು ಏಕೆ ಎಂಬುದಕ್ಕೂ ಒಂದು ಸೂತ್ರವಿದೆ. ಜಾನ್ ಲಿಟ್ಲ್ ಎಂಬ ಗಣಿತಜ್ಞ 1961ರಲ್ಲಿ ಸಾಧಿಸಿ ತೋರಿಸಿದ್ದು ಅದು: ಒಂದು ಜಾಗದೊಳಗೆ ಸರಾಸರಿ ಎಷ್ಟು ಇವೆ ಎಂಬುದು, ಅಲ್ಲಿಗೆ ಬರುವ ದರ ಮತ್ತು ಒಂದೊಂದೂ ಅಲ್ಲಿ ಕಳೆಯುವ ಹೊತ್ತು, ಈ ಎರಡರ ಗುಣಲಬ್ಧ. ಬ್ಯಾಂಕಿನ ಸರದಿಗೂ ಆಸ್ಪತ್ರೆಯ ಹಾಸಿಗೆಗೂ ಇದು ಹೊಂದುತ್ತದೆ. ಗಂಟೆಗೆ 120 ಬಸ್ಸು, ಎಂದರೆ ನಿಮಿಷಕ್ಕೆ ಎರಡು, ಒಂದು ನಿಲ್ದಾಣಕ್ಕೆ ಬಂದು ತಲಾ ಹತ್ತು ನಿಮಿಷ ನಿಂತರೆ ಯಾವ ಕ್ಷಣದಲ್ಲಿ ನೋಡಿದರೂ ಅಲ್ಲಿ ಸರಾಸರಿ ಇಪ್ಪತ್ತು ಬಸ್ಸು ನಿಂತಿರುತ್ತವೆ. ಬಸ್ಸುಗಳು ಸಮನಾಗಿ ಬರುವುದಿಲ್ಲವಾದ್ದರಿಂದ ಮೂವತ್ತಕ್ಕೆ ಜಾಗ ಬೇಕು. ಅವೇ ಬಸ್ಸುಗಳು ಒಂದೊಂದು ನಿಮಿಷ ನಿಂತು ಮುಂದೆ ಹೋದರೆ ಸರಾಸರಿ ಎರಡು. ಹೆಚ್ಚೆಂದರೆ ನಾಲ್ಕೈದು ಬಸ್ಸಿನ ಜಾಗ. ಬಸ್ಸುಗಳನ್ನು ಒಂದೂ ಕಡಿಮೆ ಮಾಡದೆ ನಿಲ್ದಾಣವನ್ನು ಆರನೆಯ ಒಂದು ಪಾಲಿಗೆ ಇಳಿಸಬಹುದು.

ಮುಂದೆ ಹೋಗುವುದೆಂದರೆ ಎಲ್ಲಿಗೆ? ಎದುರು ದಿಕ್ಕಿಗೆ. ಉತ್ತರದಿಂದ ಬಂದ ಬಸ್ಸು ಸ್ಟೇಟ್ ಬ್ಯಾಂಕಿನಲ್ಲಿ ಮುಗಿಯದೆ ದಕ್ಷಿಣದ ಬಸ್ಸಾಗಿ ತೊಕ್ಕೊಟ್ಟಿಗೆ ಹೋಗಲಿ. ಪೂರ್ವದ್ದು ಮಂಗಳಾದೇವಿಯ ಕಡೆಗೆ ಇಳಿಯಲಿ. ಡ್ರೈವರು ಚಹಾ ಕುಡಿಯುವ, ಬಸ್ಸು ಹೊತ್ತು ಹೊಂದಿಸಿಕೊಳ್ಳುವ ಕೆಲಸವೆಲ್ಲ ದಾರಿಯ ಎರಡು ಹೊರತುದಿಗಳಲ್ಲಿ ಆಗಲಿ. ಅಲ್ಲಿ ಜಾಗ ಅಗ್ಗ, ಬಸ್ಸು ನಿಂತಿದ್ದರೆ ಯಾರಿಗೂ ಅಡ್ಡಿಯಿಲ್ಲ. ಕೂಳೂರಿನಿಂದ ಕಂಕನಾಡಿಗೆ ಹೋಗುವವಳು ನಡುವೆ ಇಳಿದು ಇನ್ನೊಂದು ಬಸ್ಸು ಹುಡುಕಿ ಎರಡನೆಯ ಟಿಕೆಟ್ ತೆಗೆಯುವ ಕೆಲಸವೂ ಎಷ್ಟೋ ಕಡೆ ತಪ್ಪುತ್ತದೆ.

ಇದಕ್ಕೆ ಸರಿಯಾದ ಆಕ್ಷೇಪವೂ ಒಂದಿದೆ. ದಾರಿ ಉದ್ದವಾದಷ್ಟೂ ಆ ಚಕ್ರಬಡ್ಡಿ ಬೆಳೆಯಲು ಸ್ಟಾಪುಗಳು ಹೆಚ್ಚು. ಉತ್ತರದ ಸೇತುವೆಯ ಮೇಲಿನ ಟ್ರಾಫಿಕ್ ಜಾಮ್ ದಕ್ಷಿಣದ ಸ್ಟಾಪುಗಳಲ್ಲಿ ನಿಂತವರನ್ನೂ ಬಾಧಿಸುತ್ತದೆ. ಆದ್ದರಿಂದ ಚಿಕ್ಕಚಿಕ್ಕ ದಾರಿಗಳನ್ನು ಮಾತ್ರ ಹೀಗೆ ಹೊಲಿಯಬೇಕು. ತೀರಾ ಉದ್ದದವು ಪೇಟೆಯಲ್ಲೇ ಮುಗಿಯಲಿ.

ಅಂತರ ಕಾಯುವ ಬಗೆ

ಅಂತರ ಕೆಟ್ಟಮೇಲೆ ಸರಿಪಡಿಸುವುದು ಹೇಗೆ? ಹಳೆಯ ಉಪಾಯ ವೇಳಾಪಟ್ಟಿ: ಇಷ್ಟು ಹೊತ್ತಿಗೆ ಮೊದಲು ಹೊರಡಬೇಡ. ಒಂದು ಬಸ್ಸು ಕೆಟ್ಟು ನಿಂತ ದಿನ ಅಥವಾ ಮಳೆ ಕಟ್ಟಿಕೊಂಡ ದಿನ ವೇಳಾಪಟ್ಟಿ ಬರೀ ಕಾಗದ. 2012ರಲ್ಲಿ ಜಾನ್ ಬಾರ್ಥೋಲ್ಡಿ ಮತ್ತು ಡೊನಾಲ್ಡ್ ಐಸೆನ್‌ಸ್ಟೈನ್ ವೇಳಾಪಟ್ಟಿಯನ್ನೇ ಬಿಟ್ಟುಕೊಡುವ ಉಪಾಯವೊಂದನ್ನು ಪ್ರಕಟಿಸಿದರು. ಅಟ್ಲಾಂಟಾದ ಜಾರ್ಜಿಯಾ ಟೆಕ್ ಕ್ಯಾಂಪಸ್ಸಿನ ಬಸ್ಸುಗಳ ಮೇಲೆ ಅದನ್ನು ಪರೀಕ್ಷಿಸಿದ್ದರು. ನಿಯಮ ಇಷ್ಟೇ: ದಾರಿಯ ತುದಿಗೆ ಬಂದ ಬಸ್ಸು, ತನ್ನ ಹಿಂದಿನ ಬಸ್ಸು ಅಲ್ಲಿಗೆ ಬರಲು ಎಷ್ಟು ಹೊತ್ತಿದೆಯೋ ಅದರ ಒಂದು ನಿಗದಿತ ಪಾಲು ಕಾಲ ನಿಂತು ಹೊರಡಬೇಕು. ಪಾಲು ನಾಲ್ಕನೆಯ ಒಂದು ಎಂದಿಟ್ಟುಕೊಂಡರೆ, ಹಿಂದಿನದು ಇಪ್ಪತ್ತು ನಿಮಿಷ ದೂರವಿದ್ದಾಗ ಐದು ನಿಮಿಷ ನಿಲ್ಲು, ಎರಡೇ ನಿಮಿಷ ದೂರವಿದ್ದರೆ ಅರ್ಧ ನಿಮಿಷಕ್ಕೆ ಹೊರಡು. ದೊಡ್ಡ ಖಾಲಿಗಳು ಕುಗ್ಗುತ್ತವೆ, ಅಂಟಿಕೊಂಡವು ಬಿಡಿಸಿಕೊಳ್ಳುತ್ತವೆ. ಕೆಲವು ಸುತ್ತುಗಳಲ್ಲಿ ಅಂತರಗಳು ತಾವಾಗಿಯೇ ಸಮವಾಗುತ್ತವೆ. ಒಂದು ಬಸ್ಸನ್ನು ಹೊರಗೆ ತೆಗೆದರೂ ಉಳಿದವು ಹೊಸ ಸಮ ಅಂತರಕ್ಕೆ ಹೊಂದಿಕೊಳ್ಳುತ್ತವೆ, ಯಾರೂ ಹೊಸ ಪಟ್ಟಿ ಬರೆಯಬೇಕಿಲ್ಲ.

ಗಮನಿಸಿ, ಇಲ್ಲಿ ನೋಡಬೇಕಾದದ್ದು ಹಿಂದಕ್ಕೆ. ಮುಂದಿನವನನ್ನು ಹಿಡಿಯುವ ಓಟದಲ್ಲಿ ಮುಳುಗಿದ ಡ್ರೈವರನಿಗೆ ಇದು ಪೂರ್ತಿ ತಿರುವುಮುರುವು. ಬೇಕಾದ ಉಪಕರಣ ಒಂದು ಜಿಪಿಎಸ್ ಮತ್ತು ತುದಿ ನಿಲ್ದಾಣದಲ್ಲಿ ಒಂದು ಫೋನು. ಟೈಮ್ ಕೀಪರ್ ಆಗಲೇ ಅಲ್ಲಿ ನಿಂತಿದ್ದಾರೆ.

ಅದೇ ಜಿಪಿಎಸ್ ಮಾಹಿತಿಯನ್ನು ಪ್ರಯಾಣಿಕರಿಗೂ ಕೊಟ್ಟರೆ? ಮೈಸೂರಿನ ನಗರ ಬಸ್ಸುಗಳಲ್ಲಿ 2012ರಲ್ಲೇ ಅಂಥ ವ್ಯವಸ್ಥೆ ಬಂತು, ಸ್ಟಾಪುಗಳಲ್ಲಿ ಫಲಕಗಳೂ ಬಂದವು. ಸಿಯಾಟಲ್‌ನಲ್ಲಿ ಕ್ಯಾರಿ ವಾಟ್ಕಿನ್ಸ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಇದರ ಮನೋವಿಜ್ಞಾನವನ್ನು ಚೆನ್ನಾಗಿ ತೋರಿಸುತ್ತದೆ. ಬಸ್ಸು ಎಲ್ಲಿದೆಯೆಂದು ಫೋನಿನಲ್ಲಿ ನೋಡುತ್ತಿದ್ದವರು ತಾವು ಸರಾಸರಿ 7.5 ನಿಮಿಷ ಕಾದೆವೆಂದರು, ನೋಡದವರು 9.9 ನಿಮಿಷ ಎಂದರು. ನೋಡುವವರು ನಿಜಕ್ಕೂ ಸ್ವಲ್ಪ ಕಡಿಮೆ ಕಾಯುತ್ತಿದ್ದರು, ಏಕೆಂದರೆ ಬಸ್ಸು ಹತ್ತಿರ ಬಂದಾಗಲೇ ಮನೆಯಿಂದ ಹೊರಡುತ್ತಿದ್ದರು. ಅದಲ್ಲದೆ ನೋಡದವರಿಗೆ ತಾವು ಕಾದ ಹೊತ್ತು ಇದ್ದದ್ದಕ್ಕಿಂತ ಉದ್ದವಾಗಿ ತೋರುತ್ತಿತ್ತು. ಬರುತ್ತದೋ ಇಲ್ಲವೋ ಎಂಬ ಅನುಮಾನಕ್ಕೂ ನಿಮಿಷಗಳ ತೂಕವಿದೆ. ಹಾಗೆಂದು ಫಲಕ ಹಾಕಿ ಸುಮ್ಮನಾದರೆ, ಹದಿನೆಂಟು ನಿಮಿಷದ ಖಾಲಿಯನ್ನು ಹದಿನೆಂಟು ನಿಮಿಷವೆಂದು ಪ್ರಾಮಾಣಿಕವಾಗಿ ತಿಳಿಸಿದಂತಾಗುತ್ತದೆ, ಅಷ್ಟೆ.

ಸಣ್ಣ ಊರಿನ ಇಕ್ಕಟ್ಟು

ಹರ್ಬರ್ಟ್ ಮೊಹ್ರಿಂಗ್ ಎಂಬ ಅರ್ಥಶಾಸ್ತ್ರಜ್ಞ 1972ರಲ್ಲಿ ಒಂದು ಸರಳ ಆದರೆ ವಿಚಿತ್ರವಾದ ಸಂಗತಿಯನ್ನು ತೋರಿಸಿದ. ಹೋಟೆಲಿಗೆ ಜನ ಹೆಚ್ಚಾದರೆ ನನಗೆ ಸೀಟು ಸಿಗುವುದಿಲ್ಲ. ಬಸ್ಸಿಗೆ ಜನ ಹೆಚ್ಚಾದರೆ, ನಡೆಸುವವರು ಬಸ್ಸು ಹೆಚ್ಚಿಸಿದರೆ, ನಾನು ಕಾಯುವ ಹೊತ್ತು ಕಡಿಮೆಯಾಗುತ್ತದೆ. ಅವನ ಲೆಕ್ಕದಲ್ಲಿ ಬಸ್ಸುಗಳ ಸಂಖ್ಯೆ ಜನರ ಸಂಖ್ಯೆಯ ವರ್ಗಮೂಲದಂತೆ ಏರಬೇಕು: ಜನ ನಾಲ್ಕು ಪಟ್ಟಾದರೆ ಬಸ್ಸು ಎರಡು ಪಟ್ಟು, ಕಾಯುವುದು ಅರ್ಧ. ಹೊಸದಾಗಿ ಹತ್ತಿದವನು ಮೊದಲಿನಿಂದ ಇದ್ದವರಿಗೆಲ್ಲ ಉಪಕಾರ ಮಾಡುತ್ತಾನೆ. ಬಸ್ಸಿಗೆ ಸರ್ಕಾರ ಹಣ ಕೊಡುವುದು ದಾನವಲ್ಲ ಎನ್ನುವವರ ಬಳಿಯಿರುವ ಗಟ್ಟಿ ವಾದ ಇದೇ. ಇದನ್ನು ತಲೆಕೆಳಗು ಮಾಡಿದರೆ ಸಣ್ಣ ನಗರಗಳ ಕಥೆ. ಒಬ್ಬ ಸ್ಕೂಟರು ಕೊಂಡ, ಬಸ್ಸು ಬಿಟ್ಟ. ಕಲೆಕ್ಷನ್ ಇಳಿಯಿತು, ಮಧ್ಯಾಹ್ನದ ಟ್ರಿಪ್ ನಿಂತಿತು, ಅದಕ್ಕೆ ಬರುತ್ತಿದ್ದ ಇನ್ನಿಬ್ಬರು ಸ್ಕೂಟರು ಕೊಂಡರು. ಬೆಂಗಳೂರಿನಂಥ ನಗರದಲ್ಲಿ ಜನರ ದಟ್ಟಣೆಯೇ ಈ ಸುಳಿಯನ್ನು ತಡೆಯುತ್ತದೆ. ಐದು ಲಕ್ಷದ ಊರಿನಲ್ಲಿ ತಡೆಯುವವರಿಲ್ಲ.

ಸರ್ಕಾರಿ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪುಕ್ಕಟೆ ಪ್ರಯಾಣ ಕೊಡುವ ಶಕ್ತಿ ಯೋಜನೆ 2023ರ ಜೂನ್ 11ರಂದು ಬಂದಾಗ ಸರ್ಕಾರಿ ಬಸ್ಸಿರುವ ಊರುಗಳಲ್ಲಿ ಈ ಸುಳಿ ಒಮ್ಮೆಲೆ ಎದುರು ದಿಕ್ಕಿಗೆ ತಿರುಗಿತು. ಮಂಗಳೂರಿನ ಹೆಣ್ಣುಮಕ್ಕಳಿಗೆ ಅದರ ಪಾಲು ಸಿಕ್ಕಿದ್ದು ಕಡಿಮೆ, ಏಕೆಂದರೆ ಖಾಸಗಿ ಬಸ್ಸು ಯೋಜನೆಯೊಳಗಿಲ್ಲ. ಜನರ ಬಾಯಲ್ಲಿ ನರ್ಮ್ ಬಸ್ಸೆಂದೇ ಹೆಸರಾದ ಸರ್ಕಾರಿ ಸಿಟಿ ಬಸ್ಸು ಹೋಗುವ ದಾರಿಯಲ್ಲಿದ್ದವರಿಗೆ ಪುಕ್ಕಟೆ, ಇಲ್ಲದವರಿಗೆ ಇಲ್ಲ. ಸರ್ಕಾರದ ಹಣ ಬಸ್ಸಿನ ಮಾಲೀಕತ್ವ ನೋಡಿ ಹರಿಯಬೇಕೋ ಪ್ರಯಾಣಿಕಳನ್ನು ನೋಡಿ ಹರಿಯಬೇಕೋ ಎಂಬುದು ಇನ್ನೂ ಯಾರೂ ನೇರವಾಗಿ ಚರ್ಚಿಸದ ಪ್ರಶ್ನೆ.

ಅಂತರ ಕಾಯುವ ಮಟ್ಟಿಗೆ ನನಗೆ ಕಾಣುವ ದಾರಿ ತಲೆಲೆಕ್ಕದ ಪೈಪೋಟಿಗೂ ತಿಂಗಳ ಸಂಬಳಕ್ಕೂ ನಡುವಿನದು. ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ಪರ್ಮಿಟ್ ಕೊಡುವಾಗ ಟೈಮಿಂಗ್ ಕಾನ್ಫರೆನ್ಸ್ ಎಂಬ ಸಭೆ ನಡೆಯುತ್ತದೆ. ನಿನ್ನ ಬಸ್ಸು 8.10ಕ್ಕೆ, ನನ್ನದು 8.13ಕ್ಕೆ ಎಂಬ ಎರಡು ಮೂರು ನಿಮಿಷಗಳ ಮೇಲೆ ಮಾಲೀಕರು ವಕೀಲರನ್ನಿಟ್ಟು ವಾದಿಸುವ ಸಭೆ ಅದು. ಅಲ್ಲಿ ಹಂಚುವುದು ಗಡಿಯಾರದ ಹೊತ್ತನ್ನು. ಅದರ ಬದಲು ಒಂದು ದಾರಿಯ ಬಸ್ಸುಗಳೆಲ್ಲ ಕಲೆಕ್ಷನ್ನನ್ನು ಒಂದೇ ಪೆಟ್ಟಿಗೆಗೆ ಹಾಕಿ, ಓಡಿದ ಕಿಲೋಮೀಟರಿನ ಮೇಲೆ ಹಂಚಿಕೊಳ್ಳಬಹುದು. ಅಂತರ ಕಾಯ್ದುಕೊಂಡವರಿಗೆ ಸ್ವಲ್ಪ ಹೆಚ್ಚು ಕೊಡಬಹುದು. ಓಡುವ ಕಾರಣ ಹೋಗುತ್ತದೆ, ಅಂತರ ಕಾಯುವ ಕಾರಣ ಉಳಿಯುತ್ತದೆ. ಕೊಚ್ಚಿಯ ಖಾಸಗಿ ಬಸ್ ಮಾಲೀಕರು ಒಟ್ಟಾಗಿ ಕಂಪನಿಗಳನ್ನು ಕಟ್ಟಿಕೊಂಡು ಮೆಟ್ರೊ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿದ್ದಾರೆ. ಒಬ್ಬೊಬ್ಬ ಮಾಲೀಕ ಒಂದೊಂದು ದ್ವೀಪವಾಗಿ ಉಳಿಯಬೇಕಿಲ್ಲ ಎಂಬುದಕ್ಕೆ ಅದು ನಮಗೆ ಹತ್ತಿರದ ನಿದರ್ಶನ.

ಅಡ್ಡಿ ಬರುವುದು ಬೆಳಗಿನ ಟ್ರಿಪ್ಪಿನಲ್ಲಿ. ಕಾಲೇಜು, ಆಫೀಸುಗಳ ಹೊತ್ತಿನ 8.15ರ ಟ್ರಿಪ್ ಯಾರ ಪರ್ಮಿಟ್ಟಿನಲ್ಲಿದೆಯೋ ಅವನ ದಿನದ ಗಳಿಕೆಯಲ್ಲಿ ದೊಡ್ಡ ಪಾಲು ಅದೊಂದರಿಂದಲೇ ಬರುತ್ತದೆ. ಪರ್ಮಿಟ್ ಕೈ ಬದಲಾಯಿಸುವಾಗ ಬೆಲೆ ಕಟ್ಟುವುದೂ ಆ ಟ್ರಿಪ್ಪಿಗೆ. ಅದನ್ನು ಪೆಟ್ಟಿಗೆಗೆ ಹಾಕೆಂದರೆ ಅವನು ಒಪ್ಪುವುದಿಲ್ಲ, ಮಧ್ಯಾಹ್ನ ಎರಡೂವರೆಯ ಟ್ರಿಪ್ಪಿನವನು ತಕ್ಷಣ ಒಪ್ಪುತ್ತಾನೆ. ಆದ್ದರಿಂದ ಮೊದಲ ಪ್ರಯೋಗಕ್ಕೆ ಇಡೀ ಊರು ಬೇಡ, ಇಡೀ ದಿನವೂ ಬೇಡ. ಒಂದೇ ದಾರಿ ಸಾಕು. ಬೆಳಗಿನ ಹತ್ತು ಗಂಟೆಯ ನಂತರದ ಕಲೆಕ್ಷನ್ ಮಾತ್ರ ಒಟ್ಟಿಗೆ ಸೇರಲಿ, 8.15 ಅವನಿಗೇ ಇರಲಿ.